ಕನಸಲ್ಲಿ ಎಷ್ಟು ಉಜ್ಜಿದರೂ ಕಲೆ ಹೋಗ್ತಿಲ್ವಾ? ಹೀಗೆ ಮಾಡಿ ನೋಡಿ

ನೆಲ ಒರೆಸಿ, ಬಟ್ಟೆ ಹಿಂಡಿ, ತಿರುಗಿ ನೋಡಿದರೆ ಅದೇ ಜಾಗದಲ್ಲಿ ಮತ್ತೆ ಕಲೆ. ಮತ್ತೆ ಒರೆಸುತ್ತೀರಿ, ಮತ್ತೆ ಕಲೆ. ಎಚ್ಚರ ಆದಾಗ ರಾತ್ರಿಯೆಲ್ಲಾ ನಿಜವಾಗಿಯೂ ದುಡಿದ ಹಾಗೆ ಮೈಕೈ ಭಾರ. ಇಂಥ ಕನಸು ಪದೇ ಪದೇ ಬೀಳುತ್ತಿದ್ದರೆ, ಪೊರಕೆ ಕಂಡರೆ ಈ ಫಲ, ನೀರು ಕಂಡರೆ ಆ ಫಲ ಅನ್ನುವ ಪಟ್ಟಿಗಳನ್ನು ದಯವಿಟ್ಟು ಹುಡುಕಬೇಡಿ. ಆ ಪಟ್ಟಿ ಬರೆದವರಿಗೆ ನಿಮ್ಮ ಬದುಕು ಗೊತ್ತಿಲ್ಲ.

ಮೊದಲು ಹಿಂದಿನ ಒಂದೆರಡು ದಿನ ನೆನಪು ಮಾಡಿಕೊಳ್ಳಿ. ಮನೆಯೆಲ್ಲಾ ತೊಳೆದಿರಾ? 2000ರಲ್ಲಿ ನಿದ್ದೆಯ ಸಂಶೋಧಕ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಜೊತೆಗಾರರು ಜನರಿಗೆ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಅನ್ನುವ ವಿಡಿಯೋ ಗೇಮ್ ಗಂಟೆಗಟ್ಟಲೆ ಆಡಿಸಿ ನೋಡಿದರು. ನಿದ್ದೆ ಹತ್ತುವ ಹೊತ್ತಿಗೆ ಹಲವರ ಕಣ್ಮುಂದೆ ಆಟದ ತುಂಡುಗಳು ಬೀಳುತ್ತಿದ್ದವು, ಆಟ ಆಡಿದ್ದೇ ನೆನಪಿರದ ಮರೆವಿನ ರೋಗಿಗಳಲ್ಲೂ ಕೆಲವರಿಗೆ ಹಾಗೇ ಆಯಿತು. ಮಾಡಿದ್ದನ್ನೇ ಮಾಡಿದ ದಿನ ಮಿದುಳು ಅದನ್ನೇ ಮೆಲುಕು ಹಾಕುತ್ತದೆ, ಅಷ್ಟೇ. ಒಳಾರ್ಥ ಹುಡುಕುವುದು ಬೇಡ.

ಹಾಗೇನೂ ಇಲ್ಲ ಅಂದರೆ, ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎದ್ದ ಕೂಡಲೇ, ಫೋನ್ ಮುಟ್ಟುವ ಮೊದಲು ಬರೆಯಿರಿ: ಏನನ್ನು ತೊಳೆಯುತ್ತಿದ್ದಿರಿ, ಅದು ಯಾರದ್ದು, ಹತ್ತಿರ ಯಾರಿದ್ದರು, ಮನಸ್ಸಿಗೆ ಹೇಗಿತ್ತು. ಕೊನೆಯ ಪ್ರಶ್ನೆಯೇ ಮುಖ್ಯ. ಯಾರೋ ಬಂದುಬಿಡುತ್ತಾರೆ ಅನ್ನುವ ಗಾಬರಿ ಒಂದು ಥರ. ಬೇರೆಯವರು ಮಾಡಿದ ಗಲೀಜನ್ನು ನಾನೇ ಯಾಕೆ ತೊಳೆಯಬೇಕು ಅನ್ನುವ ಸಿಟ್ಟೇ ಬೇರೆ, ಅಲ್ವಾ? ಸಿಟ್ಟಿದ್ದರೆ ಹಗಲಲ್ಲಿ ಯಾರ ಕೆಲಸ ನಿಮ್ಮ ತಲೆಗೆ ಬಿದ್ದಿದೆ ಅಂತ ನೋಡಿ.

ನನಗೆ ಒಂದು ತಿಂಗಳು ಲೋಟ ತೊಳೆಯುವ ಕನಸು ಬೀಳುತ್ತಿತ್ತು. ತಳದಲ್ಲಿ ಹಾಲಿನ ತೆಳು ಪದರ, ಬೆರಳು ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ನಾಲ್ಕನೇ ಸಲ ಬರೆಯುವಾಗ ಗಮನಿಸಿದೆ, ಪ್ರತಿ ಸಲವೂ ನನ್ನ ಬೆನ್ನ ಹಿಂದೆ ಯಾರೋ ಆ ಲೋಟಕ್ಕೆ ಕಾಯುತ್ತಾ ನಿಂತಿದ್ದರು. ಆ ತಿಂಗಳೆಲ್ಲಾ ನಾನು ಅಕ್ಕನಿಗೆ ಒಂದು ಕ್ಷಮೆಯ ಮೆಸೇಜ್ ಬರೆದು ಬರೆದು ಅಳಿಸುತ್ತಿದ್ದೆ, ಸರಿಯಾದ ಮಾತು ಸಿಗಲಿ ಅಂತ. ಕೊನೆಗೆ ಫೋನ್ ಮಾಡಿದೆ, ಮಾತು ತೊದಲಿತು, ಪರವಾಗಿಲ್ಲ. ಆಮೇಲೂ ಒಮ್ಮೆ ಆ ಕನಸು ಬಿತ್ತು. ಪದರ ಹಾಗೇ ಇತ್ತು, ಆದರೆ ನನಗೆ ಅವಸರ ಇರಲಿಲ್ಲ.

ಕೆಲಸ ಮುಗಿಯದೇ ಇರುವುದಕ್ಕೆ ಹೆದರಬೇಡಿ. ಕನಸುಗಳು ಜಾಸ್ತಿ ಬೀಳುವ, ರೆಮ್ ಅನ್ನುವ ನಿದ್ದೆಯ ಹಂತದಲ್ಲಿ ಯೋಚಿಸಿ ತೀರ್ಮಾನ ಮಾಡುವ ಮಿದುಳಿನ ಮುಂಭಾಗ ಮಂಕಾಗಿರುತ್ತದೆ. ಹಾಗಾಗಿ “ಸಾಕು, ಆಯ್ತು” ಅಂತ ಹೇಳುವವರು ಒಳಗೆ ಯಾರೂ ಇಲ್ಲ ಅನ್ನಬಹುದು.

ಆ “ಸಾಕು” ಅನ್ನು ಹಗಲಲ್ಲಿ ನೀವೇ ಹೇಳಿ ಅಭ್ಯಾಸ ಮಾಡಬಹುದು. ಕೆಟ್ಟ ಕನಸುಗಳಿಗೆ ಥೆರಪಿಸ್ಟ್‌ಗಳು ಹೇಳಿಕೊಡುವ ವಿಧಾನ ಇದು. ಕನಸನ್ನು ಬರೆದು ಅದರ ಕಥೆ ಬದಲಿಸಿ: ಬಕೆಟ್ ಚೆಲ್ಲಿ ಹೊರಗೆ ನಡೆದಿರಿ, ಅಥವಾ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟಿರಿ. ಹೊಸ ಕಥೆಯನ್ನು ದಿನಾ 10ರಿಂದ 20 ನಿಮಿಷ ಕಣ್ಣು ಮುಚ್ಚಿ ನೋಡಿ. ಕೆಲವು ವಾರ ಬಿಡದೆ ಮಾಡಿ.

ಒಂದು ವಿಷಯ ಮಾತ್ರ ಗಂಭೀರವಾಗಿ ತಗೊಳ್ಳಿ. ಎಚ್ಚರ ಇರುವಾಗಲೂ ಕೈ ತೊಳೆಯುವುದು, ಒರೆಸುವುದು ನಿಲ್ಲಿಸಲು ಆಗದೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಅದಕ್ಕೇ ಹೋಗುತ್ತಿದ್ದರೆ ಮನೋವೈದ್ಯರನ್ನು ನೋಡಿ. ಬರೀ ಕನಸು ಬಿದ್ದರೆ ಅದು ಒಸಿಡಿ (ಬೇಡ ಅಂದರೂ ಅದೇ ಯೋಚನೆ, ಅದೇ ಕೆಲಸ ಬಿಡದೆ ಕಾಡುವ ಮಾನಸಿಕ ಕಾಯಿಲೆ) ಅಲ್ಲ. ಒಸಿಡಿಯೇ ಆಗಿದ್ದರೂ ಅದಕ್ಕೆ ಮಾತ್ರೆ ಇದೆ, ತೊಳೆಯುವ ತುಡಿತವನ್ನು ಸ್ವಲ್ಪ ಸ್ವಲ್ಪವೇ ತಡೆದುಕೊಳ್ಳಲು ಕಲಿಸುವ ಥೆರಪಿಯೂ ಇದೆ.