ಒಂದೇ ಕಂಬ, ಹತ್ತು ಸಲ
ಹೊಸದಾಗಿ ಕ್ಯಾಮೆರಾ ತಗೊಂಡವರಿಗೆ ಒಂದು ಮಾತು. ಊರೂರು ತಿರುಗುವ ಮೊದಲು ಒಂದೇ ಜಾಗಕ್ಕೆ ಹತ್ತು ಸಲ ಹೋಗಿ. ನಮ್ಮ ಕೊಪ್ಪಳ ಕಡೆಯವರಿಗೆ ಇಟಗಿಯ ಮಹಾದೇವ ದೇವಸ್ಥಾನ ಇದೆಯಲ್ಲ, 1112ರಲ್ಲಿ ಕಟ್ಟಿದ್ದು, ಅಲ್ಲಿನ ಒಂದು ಕಂಬ ಸಾಕು. ಬೆಳಿಗ್ಗೆ ಓರೆ ಬಿಸಿಲಿಗೆ ಕೆತ್ತನೆ ಎದ್ದು ಕಾಣುತ್ತದೆ. ಮಟಮಟ ಮಧ್ಯಾಹ್ನ ಅದೇ ಕೆತ್ತನೆ ಸಪ್ಪಗಾಗುತ್ತದೆ. ಹೊತ್ತು, ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ), ಶಟರ್ (ಎಷ್ಟು ಹೊತ್ತು ಬೆಳಕು ಒಳಗೆ ಬಿಡುತ್ತದೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ) ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಆಮೇಲೆ ಯಾರಿಗಾದರೂ ಕಲಿಸಿ. ಮೂವತ್ತು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ಆದರೂ ಅಕ್ಕನ ಮಗಳು "ಮಾಮಾ, ಫೋಟೋದಲ್ಲಿ ಕರಿ ಕಲ್ಲು ಯಾಕೆ ಬೂದಿ ಬಣ್ಣ ಬಂತು?" ಅಂದಾಗ ಉತ್ತರ ಬರಲಿಲ್ಲ! ಅಷ್ಟು ವರ್ಷ ಸುಮ್ನೆ ಅಂದಾಜಿನ ಮೇಲೆ ಸರಿಮಾಡಿಕೊಳ್ಳುತ್ತಿದ್ದೆ. ಆ ರಾತ್ರಿ ಮತ್ತೆ ಪುಸ್ತಕ ಹಿಡಿದೆ.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎದುರಿಗೆ ಇದ್ದದ್ದನ್ನೆಲ್ಲ ನಡುಮಟ್ಟದ ಬೂದು ಅಂದುಕೊಳ್ಳುತ್ತದೆ. ಹಾಗಾಗಿ ಕರಿ ಕಲ್ಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ಪೂಜಾರಿಯ ಬಿಳಿ ಧೋತರ ಮಬ್ಬಾಗುತ್ತದೆ. ಫ್ರೇಮ್ ತುಂಬ ಕಲ್ಲೇ ಇದ್ದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೋವನ್ನು ಮೀಟರ್ ಹೇಳಿದ್ದಕ್ಕಿಂತ ಕಪ್ಪಗೆ ಇಲ್ಲವೇ ಬೆಳ್ಳಗೆ ಮಾಡುವ ಸೆಟ್ಟಿಂಗ್) ಮೈನಸ್ 1, ಬಿಳಿ ಜಾಸ್ತಿ ಇದ್ದರೆ ಪ್ಲಸ್ 1 ಇಟ್ಟು ನೋಡಿ. ಮೊಬೈಲ್‌ನಲ್ಲಾದರೆ ಪರದೆ ಮುಟ್ಟಿ ಬೆಳಕಿನ ಗುರುತನ್ನು ಕಲ್ಲಿಗಾದರೆ ಕೆಳಗೆ, ಬಿಳಿಗಾದರೆ ಮೇಲೆ ಎಳೆಯಿರಿ, ಅದೂ ಇದೇ ಕೆಲಸ.

ಹಾಂ, ಟ್ರೈಪಾಡ್ ಒಯ್ಯುವುದಾದರೆ ಅಲ್ಲಿನ ಕಾವಲುಗಾರರನ್ನು ಮೊದಲೇ ಕೇಳಿ.