ಕರೆಂಟ್ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟಿದೆ, ನೋಡಿಕೊಳ್ಳಿ
ಹಾಸನದ ಅಣ್ಣಂದಿರೇ, ಅಕ್ಕಂದಿರೇ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವವರಿಗೆ ಈ ಮಾತು ಅಷ್ಟಾಗಿ ಬೇಕಿಲ್ಲ. 200 ಯೂನಿಟ್ ದಾಟುವವರು, ಬಾಡಿಗೆಗೆ ಕೊಡಲು ಮನೆ ಕಟ್ಟಿಸಿ ಬೀಗ ಹಾಕಿಟ್ಟವರು ದಯವಿಟ್ಟು ಓದಿ.

ನಿಗದಿತ ಶುಲ್ಕ ಬರುವುದು ನಾವು ಸುಟ್ಟ ಯೂನಿಟ್ ಮೇಲಲ್ಲ, ಮಂಜೂರಾದ ಲೋಡ್ ಮೇಲೆ, ಅಂದರೆ ಮನೆಗೆ ಒಟ್ಟಿಗೆ ಎಷ್ಟು ಕಿಲೋವ್ಯಾಟ್ ಎಳೆಯಲು ಒಪ್ಪಿಗೆ ಇದೆಯೋ ಅದರ ಮೇಲೆ. 2025ರ ಏಪ್ರಿಲ್‌ನಿಂದ ಒಂದು ವರ್ಷಕ್ಕೆ ತಿಂಗಳಿಗೆ ಕಿಲೋವ್ಯಾಟಿಗೆ 145 ರೂಪಾಯಿ ಅಂತ ನಿಗದಿಯಾಗಿತ್ತು, ಆ ಲೆಕ್ಕದಲ್ಲೇ ನೋಡಿ. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ 5 ಕಿಲೋವ್ಯಾಟ್ ಬರೆಸಿದ್ದರೆ, ಫ್ಯಾನ್ ತಿರುಗಿಸದಿದ್ದರೂ ತಿಂಗಳಿಗೆ 725. ಅದನ್ನು 3ಕ್ಕೆ ಇಳಿಸಿದರೆ 435. ನಮ್ಮ ಅಮ್ಮನ ಮನೆಯದ್ದು ಹೀಗೇ ವರ್ಷಗಟ್ಟಲೆ ಸುಮ್ಮನೆ ಕಟ್ಟಿದ್ದೇವೆ, ಈಗಲೂ ಹೊಟ್ಟೆ ಉರಿಯುತ್ತದೆ.

ಆರ್‌ಆರ್ ನಂಬರ್ (ನಿಮ್ಮ ಕರೆಂಟ್ ಸಂಪರ್ಕದ ನಂಬರ್) ಇರುವ ಬಿಲ್ ಹಿಡಿದು ನಮ್ಮ ವಿದ್ಯುತ್ ಕಂಪನಿ ಸೆಸ್ಕ್‌ನ ಉಪವಿಭಾಗ ಕಚೇರಿಯಲ್ಲಿ ಲೋಡ್ ಇಳಿಸಲು ಅರ್ಜಿ ಕೊಡಿ, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಗೀಸರ್, ಬೋರ್ ಮೋಟರ್ ಒಟ್ಟಿಗೆ ಓಡಿಸುವ ಮನೆಯಾದರೆ ಮಾತ್ರ ತೀರಾ ಇಳಿಸಬೇಡಿ, ಮಿತಿ ಮೀರಿದರೆ ದಂಡ ಬೀಳುತ್ತದೆ.