ಟುಟು ಹೊಲಿಯುವ ಲೆಕ್ಕ: ನನ್ನ ಅನುಭವ

ಬ್ಯಾಲೆ ನರ್ತಕಿಯ ಸೊಂಟದ ಸುತ್ತ ನೆಲಕ್ಕೆ ಸಮನಾಗಿ ಅಡ್ಡಲಾಗಿ ನಿಲ್ಲುವ ಜಾಲರಿ ಲಂಗ, ಅಂದರೆ ಟುಟು, ನೋಡಿದವರು ಮೊದಲು ಕೇಳುವುದು ಗಂಜಿಯ ವಿಷಯ. ಗಂಜಿಯಿಂದ ಟುಟು ನಿಲ್ಲುವುದಿಲ್ಲ. ಗಟ್ಟಿ ನೆಟ್ ಬೇಕು, ನಿಜ. ಆದರೆ ಅದನ್ನು ಎತ್ತಿ ಹಿಡಿಯುವುದು ಹೊರ ಅಂಚಿನಲ್ಲಿ ತುಂಬಿರುವ ಬಟ್ಟೆಯ ಉದ್ದ. ಆ ಲೆಕ್ಕ ತಪ್ಪಿದರೆ ಎಂಥ ನೆಟ್ ಹಾಕಿದರೂ ಅಂಚು ಕೆಳಗೆ ಬಾಗುತ್ತದೆ.

ಲೆಕ್ಕ ಹೀಗೆ. ನೆಟ್ ಶುರುವಾಗುವ ಜಾಗದಲ್ಲಿ ಹಿಪ್ ಸುತ್ತಳತೆ 85 ಸೆಂ.ಮೀ. ಎಂದಿಟ್ಟುಕೊಳ್ಳಿ. ಅಂದರೆ ನಡುವಿನಿಂದ ಸುಮಾರು 13.5 ಸೆಂ.ಮೀ. ದೂರ. ಮೇಲಿನ ಪದರದ ಅಗಲ 37 ಸೆಂ.ಮೀ. ಎಂದರೆ ಹೊರ ಅಂಚು ನಡುವಿನಿಂದ 50.5 ಸೆಂ.ಮೀ. ಆಚೆ ಇರುತ್ತದೆ, ಆ ವೃತ್ತದ ಸುತ್ತಳತೆ ಸುಮಾರು 3.17 ಮೀಟರ್. ನೆಟ್ ಪಟ್ಟಿ ಇದಕ್ಕಿಂತ ಗಿಡ್ಡವಾದರೆ ಅಂಚು ಹರಡಲು ಜಾಗವಿಲ್ಲದೆ ಕೊಡೆಯಂತೆ ಮಡಚಿಕೊಳ್ಳುತ್ತದೆ. ಸರಿಯಾಗಿ ಇಷ್ಟೇ ಇದ್ದರೆ ಚಪ್ಪಟೆಯಾಗಿ ಕೂತರೂ ಜೀವ ಇರುವುದಿಲ್ಲ. ನಾನು ಇಡುವುದು ಇದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು, 6.85 ಮೀಟರ್. 137 ಸೆಂ.ಮೀ. ಪನ್ನದ (ಥಾನಿನ ಅಗಲದ) ನೆಟ್‌ನಲ್ಲಿ ಅದು ಸರಿಯಾಗಿ ಐದು ಪನ್ನ.

ಹತ್ತು ಪದರಗಳ ಅಗಲ ಕೆಳಗಿನಿಂದ ಮೇಲಕ್ಕೆ 5, 8.5, 12, 15.5, 19, 22.5, 26, 29.5, 33, 37 ಸೆಂ.ಮೀ. ಕೆಳಗಿನ ಎರಡಕ್ಕೆ ಎರಡೆರಡು ಪನ್ನ, ನಂತರದ ಮೂರಕ್ಕೆ ಮೂರು ಮೂರು, ಮುಂದಿನ ಎರಡಕ್ಕೆ ನಾಲ್ಕು ನಾಲ್ಕು, ಮೇಲಿನ ಮೂರಕ್ಕೆ ಐದೈದು. ಒಟ್ಟು 8.6 ಮೀಟರ್ ಆಗುತ್ತದೆ, 10 ಮೀಟರ್ ತನ್ನಿ. ಪನ್ನ ಬೇರೆ ಇದ್ದರೆ ಪಟ್ಟಿಯ ಉದ್ದ ನೋಡಿ ಲೆಕ್ಕ ಹಾಕಿ, ಪನ್ನದ ಸಂಖ್ಯೆ ನೋಡಿ ಅಲ್ಲ.

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಲೆಹೆಂಗಾದ ಒಳಗೆ ಹಾಕಲು ಕೊಡುವ ಕ್ಯಾನ್‌ಕ್ಯಾನ್ ನೆಟ್ ಇದಕ್ಕೆ ಆಗುತ್ತದೆ, ಆದರೆ ಎಲ್ಲ ಪದರಕ್ಕೂ ಬೇಡ. ತೀರಾ ಗಟ್ಟಿಯಾದದ್ದರ ಕತ್ತರಿಸಿದ ಅಂಚು ತೊಡೆ ಕೆರೆಯುತ್ತದೆ, ಟೈಟ್ಸ್ ಎಳೆ ಬಿಡುತ್ತದೆ. ಕೆಳಗಿನ ಮೂರು ಪದರಕ್ಕೆ ಮೆದು ನೆಟ್, ನಡುವಿನ ನಾಲ್ಕಕ್ಕೆ ಗಟ್ಟಿ, ಮೇಲಿನ ಮೂರಕ್ಕೆ ಮಧ್ಯಮ ಹಾಕಿ. ಕೊಳ್ಳುವಾಗ ನೆಟ್ಟನ್ನು ಎರಡೂ ಕಡೆಗೆ ಎಳೆದು ನೋಡಿ. ಸಾಮಾನ್ಯವಾಗಿ ಪನ್ನದ ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಹಿಗ್ಗದ ದಿಕ್ಕು ಸೊಂಟದಿಂದ ಹೊರಕ್ಕೆ ಬರಬೇಕು, ಅದಕ್ಕೇ ಪಟ್ಟಿಯ ಉದ್ದ ಪನ್ನದ ದಿಕ್ಕಿಗೆ ಬರುವಂತೆ ಕತ್ತರಿಸುತ್ತೇನೆ. ಪಟ್ಟಿಗಳನ್ನು ಒಂದಕ್ಕೊಂದು ಹೊಲಿಯಬೇಕಾಗಿಲ್ಲ, 2 ಸೆಂ.ಮೀ. ಒಂದರ ಮೇಲೊಂದು ಬಂದರೆ ಸಾಕು, ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ಹೊರ ಅಂಚನ್ನು 2.5 ಸೆಂ.ಮೀ. ಹಲ್ಲುಹಲ್ಲಾಗಿ ಕತ್ತರಿಸಿ. ನೇರ ಅಂಚು ರಂಗದ ದೀಪದಲ್ಲಿ ಗೆರೆ ಎಳೆದಂತೆ ಕಾಣುತ್ತದೆ, ಹಲ್ಲಿನ ಅಂಚು ಗಾಳಿಯಲ್ಲಿ ಕರಗಿದಂತಿರುತ್ತದೆ.

ಈ ಚಪ್ಪಟೆ ಟುಟು ಮೊದಲಿನದ್ದಲ್ಲ. 1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ ‘ಲಾ ಸಿಲ್ಫೀಡ್’ ಬ್ಯಾಲೆಗೆ ನರ್ತಕಿ ಮೇರಿ ಟಾಲಿಯೋನಿ ತೊಟ್ಟದ್ದು ಮೀನಖಂಡದವರೆಗೆ ಇಳಿಯುವ ಬಿಳಿ ಲಂಗ. ಬೆರಳ ತುದಿಯ ಮೇಲೆ ನಿಲ್ಲುವ ಪಾದ ಕಾಣಲೆಂದೇ ಅಷ್ಟು ಮೇಲೇರಿತು. ಜಾನ್ ಹೀತ್‌ಕೋಟ್ 1809ರಲ್ಲಿ ಪೇಟೆಂಟ್ ಪಡೆದ ಬಾಬಿನೆಟ್ ಯಂತ್ರದಿಂದಾಗಿ ಕೈಯಲ್ಲಿ ಹೆಣೆಯುತ್ತಿದ್ದ ಜಾಲರಿ ಬಟ್ಟೆ ಮೀಟರುಗಟ್ಟಲೆ ಸಿಗುವಂತಾಯಿತು. ಆಮೇಲೆ ಇಟಲಿಯ ನರ್ತಕಿಯರು ಕಷ್ಟದ ಸುತ್ತುಗಳನ್ನು ತಂದಾಗ ಮಂಡಿಯೂ ಕಾಣಬೇಕಾಯಿತು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವರ್ಜೀನಿಯಾ ಜುಕ್ಕಿ ಲಂಗ ಗಿಡ್ಡ ಮಾಡಿಸಿಯೇ ಕುಣಿಯುತ್ತೇನೆಂದು ಪಟ್ಟು ಹಿಡಿದರು. ಇವೆರಡರ ನಡುವೆ, 1862ರ ನವೆಂಬರಿನಲ್ಲಿ, ಪ್ಯಾರಿಸ್ ಒಪೆರಾದ ತಾಲೀಮಿನಲ್ಲಿ ನರ್ತಕಿ ಎಮ್ಮಾ ಲಿವ್ರಿಯ ಲಂಗಕ್ಕೆ ಗ್ಯಾಸ್ ದೀಪದಿಂದ ಬೆಂಕಿ ತಗುಲಿತು. ಬೆಂಕಿ ಹತ್ತದಂತೆ ಮದ್ದು ಹಾಕಿದ ಬಟ್ಟೆ ಆಗಲೇ ಇತ್ತು, ಆದರೆ ಅದು ಬಿಗಿಯಾಗಿ ಮಂಕಾಗಿ ಕಾಣುತ್ತದೆಂದು ಆಕೆ ತೊಟ್ಟಿರಲಿಲ್ಲ. ಮರುವರ್ಷ ಜುಲೈಯಲ್ಲಿ ತೀರಿಕೊಂಡರು. ಇಂದಿನ ನೈಲಾನ್ ನೆಟ್ ಕೂಡ ಬೆಂಕಿಗೆ ಕರಗಿ ಮೈಗೆ ಅಂಟುವ ವಸ್ತು. ಹಣತೆ, ಮೇಣದಬತ್ತಿ ಇರುವ ವೇದಿಕೆಗೆ ಟುಟು ಕಳುಹಿಸಬೇಡಿ.

ಇನ್ನು ಜೋಡಣೆ. ಟುಟುವಿನ ಬುನಾದಿ ಒಂದು ಚಡ್ಡಿ, ಅದರ ಮೇಲ್ಗಡೆ ಸೊಂಟದಿಂದ ಹಿಪ್‌ವರೆಗೆ 10–12 ಸೆಂ.ಮೀ.ನ ಗಟ್ಟಿ ಹತ್ತಿ ಪಟ್ಟಿ. ಇದಕ್ಕೆ ಬಾಸ್ಕ್ ಎನ್ನುತ್ತಾರೆ. ಚಡ್ಡಿಯ ಮೇಲೆ ಪೆನ್ಸಿಲ್‌ನಲ್ಲಿ 1.2 ಸೆಂ.ಮೀ. ಅಂತರದ ಗೆರೆಗಳನ್ನು ಎಳೆದುಕೊಳ್ಳಿ. ಕೆಳಗಿನ ಎರಡು ಮೂರು ಗೆರೆ ಕಾಲಿನ ಅಂಚನ್ನು ಹಿಡಿದು ಹೋಗುತ್ತವೆ, ಉಳಿದವು ಹಿಂಬದಿಯ ತೆರಪಿನಿಂದ ಶುರುವಾಗಿ ಸುತ್ತಿ ಅಲ್ಲಿಗೇ ಬರುತ್ತವೆ. ಹೊಲಿಗೆ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಪ್ರತಿ ಸಲವೂ ದೊಡ್ಡ ಪದರಗಳನ್ನು ಎತ್ತಿ ಹಿಡಿದುಕೊಂಡೇ ಹೊಲಿಯಬೇಕಾಗುತ್ತದೆ.

ಏಳು ಪದರಗಳಿಗೆ ದಾರ ಎಳೆದು ಫ್ರಿಲ್ ಮಾಡಿದರೆ ನಡೆಯುತ್ತದೆ. ಮೇಲಿನ ಮೂರಕ್ಕೆ ಕೈಯಲ್ಲೇ ನೆರಿಗೆ ಹಿಡಿಯಬೇಕು. 6.85 ಮೀಟರನ್ನು 85 ಸೆಂ.ಮೀ.ಗೆ ಇಳಿಸುವಾಗ ಎಳೆದ ದಾರ ತುಂಡಾಗುತ್ತದೆ, ಇಲ್ಲವೇ ಬಟ್ಟೆ ಒಂದೇ ಕಡೆ ಗುಡ್ಡೆಯಾಗುತ್ತದೆ. ಪಟ್ಟಿಯನ್ನೂ ಚಡ್ಡಿಯನ್ನೂ ಎಂಟೆಂಟು ಭಾಗ ಮಾಡಿ ಗುರುತಿಟ್ಟರೆ ಎಲ್ಲೆಡೆ ಸಮನಾಗಿ ಬರುತ್ತದೆ. ಮೆಷಿನ್ನಿನ ಹೊಲಿಗೆ 3.5–4 ಮಿ.ಮೀ. ಇರಲಿ. ಒತ್ತಾಗಿ ಹೊಲಿದರೆ ಸೂಜಿ ನೆಟ್ಟನ್ನು ಕತ್ತರಿಸುತ್ತಾ ಹೋಗುತ್ತದೆ, ಬುಡದಲ್ಲೇ ಹರಿಯುತ್ತದೆ.

ಟುಟು ಚಪ್ಪಟೆಯಾಗಿ ನಿಲ್ಲಲು ನೆರವಾಗುವ ಉಕ್ಕಿನ ಬಳೆ ಹೋಗುವುದು ಕೆಳಗಿನಿಂದ ಎಂಟನೇ ಪದರದಲ್ಲಿ, ಬುಡದಿಂದ 22 ಸೆಂ.ಮೀ. ದೂರದಲ್ಲಿ. 1 ಸೆಂ.ಮೀ. ಅಗಲದ ಹತ್ತಿ ಟೇಪನ್ನು ನೆಟ್ಟಿಗೆ ಎರಡೂ ಅಂಚಿನಲ್ಲಿ ಹೊಲಿದು, ಲಾಡಿ ಪೋಣಿಸಿದಂತೆ ಚಪ್ಪಟೆ ಸ್ಪ್ರಿಂಗ್ ಸ್ಟೀಲನ್ನು ಅದರೊಳಗೆ ತೂರಿಸಿ. ಅಲ್ಲಿಯ ಸುತ್ತಳತೆ 2.23 ಮೀಟರ್. ತುದಿಗಳನ್ನು ಮೊದಲು ಅಂಟುಪಟ್ಟಿಯಿಂದ ತಾತ್ಕಾಲಿಕವಾಗಿ ಹಿಡಿದಿಟ್ಟು ಸ್ಟ್ಯಾಂಡಿನ ಮೇಲೆ ನೋಡಿ. ಅಂಚು ಕೆಳಗೆ ಜಗ್ಗಿದರೆ ಬಳೆ ಚಿಕ್ಕದಾಗಿದೆ, ಮೇಲೆ ಕೆಳಗೆ ಅಲೆಯಾದರೆ ದೊಡ್ಡದಾಗಿದೆ. ಒಂದೊಂದೇ ಸೆಂ.ಮೀ. ಹೊಂದಿಸಿ, ಸರಿಯಾದ ಮೇಲೆ ಲೋಹದ ಕೊಳವೆಯಲ್ಲಿ ಬಿಗಿದುಬಿಡಿ.

ಟಾಕು ಹಾಕುವ ಹೊತ್ತಿಗೆ ಬಹಳ ಜನ ಅವಸರ ಮಾಡುತ್ತಾರೆ. ಪದರಗಳು ಒಂದೇ ವಸ್ತುವಾಗುವುದು ಇಲ್ಲಿಯೇ. ಟುಟುವನ್ನು ಮೇಜಿನ ಮೇಲೆ ತಲೆಕೆಳಗಾಗಿ ಹರಡಿ, ಬುಡದಿಂದ 10 ಮತ್ತು 20 ಸೆಂ.ಮೀ.ಗೆ ಎರಡು ಸುತ್ತು, ಪ್ರತಿ 8–10 ಸೆಂ.ಮೀ.ಗೆ ಒಂದರಂತೆ ಕೈಯಲ್ಲಿ ಟಾಕು ಹಾಕಿ. 20 ಸೆಂ.ಮೀ.ನ ಸುತ್ತಿನಲ್ಲಿ ಸೂಜಿ ಮೇಲಿನ ಅಗಲದ ಪದರಗಳಿಗಷ್ಟೇ ಸಿಗುತ್ತದೆ. ಮೇಲಿನ ಪದರಗಳ ನಡುವೆ 1.5 ಸೆಂ.ಮೀ., ಕೆಳಗಿನವುಗಳ ನಡುವೆ 3 ಸೆಂ.ಮೀ. ದಾರ ಸಡಿಲ ಇರಬೇಕು. ಬಿಗಿಯಾದರೆ ಮೇಲ್ಮೈಯಲ್ಲಿ ಗುಳಿ ಬೀಳುತ್ತದೆ, ಕೆಳಗಿನ ಪದರಗಳು ಮೇಲಿನದ್ದನ್ನು ಎಳೆಯುತ್ತವೆ. ಟಾಕೇ ಇಲ್ಲದಿದ್ದರೆ ಸುತ್ತು ನಿಂತ ಮೇಲೂ ಪದರಗಳು ತಮ್ಮ ಪಾಡಿಗೆ ಹಾರುತ್ತಿರುತ್ತವೆ.

ಬಾಡಿಸ್ (ಮೈಗೆ ಅಂಟಿ ಕೂರುವ ಮೇಲಿನ ಕುಪ್ಪಸ) ಅನ್ನು ಬಾಸ್ಕ್‌ಗೆ ಪೂರ್ತಿ ಹೊಲಿಯಬೇಡಿ. ಕೆಲವೇ ಕಡೆ ಸಡಿಲವಾಗಿ ಹಿಡಿಸಿದರೆ ಕೈ ಎತ್ತಿದಾಗ ಬಾಡಿಸ್ ಮಾತ್ರ ಏರುತ್ತದೆ, ಟುಟು ಕದಲುವುದಿಲ್ಲ. ಪಕ್ಕದ ತುಂಡುಗಳನ್ನು ಕ್ರಾಸ್ ಕಟ್‌ನಲ್ಲಿ (ಎಳೆಗೆ ಓರೆಯಾಗಿ) ಇಡಿ, ಉಸಿರಾಟಕ್ಕೆ ಹಿಗ್ಗುತ್ತದೆ. ಉಡುಪು ತಯಾರಕಿ ಬಾರ್ಬರಾ ಕರಿನ್‌ಸ್ಕಾ ನ್ಯೂಯಾರ್ಕ್‌ನಲ್ಲಿ ನೃತ್ಯ ಸಂಯೋಜಕ ಜಾರ್ಜ್ ಬಾಲಂಚೀನ್ ಅವರ ನರ್ತಕಿಯರಿಗೆ ಪಕ್ಕದ ತುಂಡುಗಳನ್ನು ಹೀಗೇ ಓರೆಯಾಗಿ ಕತ್ತರಿಸುತ್ತಿದ್ದರು. ಬಳೆಯನ್ನೇ ತೆಗೆದು, ಪದರ ಕಡಿಮೆ ಮಾಡಿ, ಟಾಕು ಇನ್ನಷ್ಟು ಸಡಿಲಿಸಿ ಆಕೆ ಮಾಡಿದ ಗಿಡ್ಡ ಟುಟುವಿಗೆ ಪೌಡರ್ ಪಫ್ ಎಂಬ ಹೆಸರು ಬಂತು. ವೇದಿಕೆ ತುಂಬ ನರ್ತಕಿಯರಿದ್ದಾಗ ಬಳೆಯ ಟುಟುಗಳು ಒಂದಕ್ಕೊಂದು ತಾಗಿ ಓಲಾಡುತ್ತವೆ, ಇದು ಹಾಗಾಗುವುದಿಲ್ಲ. ಗುಂಪು ನೃತ್ಯಕ್ಕೆ ನಾನು ಸೂಚಿಸುವುದು ಇದನ್ನೇ.

ಹಿಂಬದಿಗೆ ಜಿಪ್ ಬೇಡ, ಹುಕ್ಕು ಹಾಕಿ. ಒಂದು ಹುಕ್ಕು ಬಲಕ್ಕೆ, ಮುಂದಿನದು ಎಡಕ್ಕೆ ಮುಖ ಮಾಡಿದರೆ ಕುಣಿತದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಕಾಜಾ ಎರಡು ಸಾಲು ಇದ್ದರೆ ಬೇರೊಬ್ಬ ನರ್ತಕಿಗೂ ಆಗುತ್ತದೆ. ಸೊಂಟದ ಹತ್ತಿರ ಕಲ್ಲು, ಮಣಿ ಹೊಲಿಯಬೇಡಿ, ಎತ್ತಿ ಹಿಡಿಯುವ ಜೊತೆಗಾರನ ಅಂಗೈ ಕೊಯ್ಯುತ್ತದೆ.

ನೃತ್ಯಕ್ಕಲ್ಲದೆ ಸುಮ್ಮನೆ ಉಡಲು ಟುಟು ಬೇಕೆಂದು ಬರುವವರಿಗೆ ನಾನು ಟಾಲಿಯೋನಿಯ ಬಗೆಯನ್ನೇ ಹೇಳುವುದು. ಚಪ್ಪಟೆ ಟುಟು ಉಟ್ಟು ಕೂರುವುದು ಕಷ್ಟ, ಬಾಗಿಲು ದಾಟುವುದೂ ಕಷ್ಟ. 1947ರಲ್ಲಿ ಕ್ರಿಸ್ಟಿಯನ್ ಡಿಯೋರ್ ಸಣ್ಣ ಸೊಂಟ, ತುಂಬು ಲಂಗದ ಉಡುಪು ತಂದ ಮೇಲೆ ಸಂಜೆಯ ಉಡುಪಿನಲ್ಲಿ ಬೆಳೆದದ್ದು ಇಳಿಬೀಳುವ ಈ ರೂಪವೇ. ನಾಲ್ಕು ಪದರ ಮೆದು ಟ್ಯೂಲ್ (ನವಿರಾದ ಜಾಲರಿ ಬಟ್ಟೆ), 70 ಸೆಂ.ಮೀ. ಉದ್ದ, ಪದರಕ್ಕೆ ನಾಲ್ಕು ಪನ್ನ, ಒಳಗೆ ಹತ್ತಿ ಲೈನಿಂಗ್, ಬಳೆ ಇಲ್ಲ, ಟಾಕೂ ಇಲ್ಲ. ಬಾಸ್ಕ್ ಮಾತ್ರ ಬಿಡಬೇಡಿ. ನೆರಿಗೆ ಸೊಂಟದಲ್ಲೇ ಶುರುವಾದರೆ ಹೊಟ್ಟೆ ದಪ್ಪ ಕಾಣುತ್ತದೆ, 10 ಸೆಂ.ಮೀ. ಕೆಳಗೆ ಶುರುವಾದರೆ ಸೊಂಟ ಸಣ್ಣಗೆ ಎದ್ದು ಕಾಣುತ್ತದೆ.

ಎರಡೂ ಬಗೆಯನ್ನು ನೀರಿಗೆ ಹಾಕಬೇಡಿ, ನೆಟ್‌ನ ಬಿಗಿ ಹೋಗುತ್ತದೆ. ಬೆವರಿನ ವಾಸನೆಗೆ ನಾಟಕದ ಉಡುಪಿನವರು ವೋಡ್ಕಾಗೆ ನೀರು ಬೆರೆಸಿ ಒಳಗಡೆ ಸಿಂಪಡಿಸಿ ಗಾಳಿಗೆ ಇಡುತ್ತಾರೆ, ನಾನೂ ಅದನ್ನೇ ಮಾಡುತ್ತೇನೆ. ಸುಕ್ಕಿಗೆ 15 ಸೆಂ.ಮೀ. ದೂರದಿಂದ ಹಬೆ ಸಾಕು, ಇಸ್ತ್ರಿ ಪೆಟ್ಟಿಗೆ ತಾಗಿದರೆ ನೈಲಾನ್ ಕರಗುತ್ತದೆ. ಚಪ್ಪಟೆ ಟುಟುವನ್ನು ಚಡ್ಡಿ ಮೇಲೆ ಬರುವಂತೆ ತಲೆಕೆಳಗಾಗಿ ಇಡಬೇಕು. ಒಂದರ ಮೇಲೊಂದು ಪೇರಿಸುವುದಾದರೂ ಹಾಗೇ, ಎಲ್ಲವೂ ಒಂದೇ ಅಳತೆಯ ಬಳೆಯವಾಗಿದ್ದರೆ ಮಾತ್ರ.